ಕಾಣದ ಹೆಬ್ಬೆರಳು

ಮನೆಯ ರಿಮೋಟ್ ಕಳೆದುಹೋದರೆ ಮೊಬೈಲನ್ನೇ ರಿಮೋಟ್ ಮಾಡಿಕೊಳ್ಳುವುದು ಈಗ ದೊಡ್ಡ ಸಂಗತಿಯಲ್ಲ. ಶಿಯೋಮಿಯಂಥ ಕೆಲವು ಕಂಪನಿಗಳ ಫೋನುಗಳ ಮೇಲಂಚಿನಲ್ಲಿ ಒಂದು ಪುಟ್ಟ ಇನ್‌ಫ್ರಾರೆಡ್ ದೀಪವಿರುತ್ತದೆ. ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿನುಗುವ, ಕಣ್ಣಿಗೆ ಕಾಣದ ಆ ಬೆಳಕು ಆಯಾ ಕಂಪನಿಯ ಟಿ.ವಿ.ಗೆ ತಿಳಿಯುವ ಸಂಕೇತವನ್ನು ಹೊತ್ತೊಯ್ಯುತ್ತದೆ. ಹತ್ತಾರು ಕಂಪನಿಗಳ ಸಂಕೇತಗಳು ಆ್ಯಪ್‌ನಲ್ಲೇ ಇರುತ್ತವೆ. ಟಿ.ವಿ. ಸಂಕೇತವನ್ನಷ್ಟೇ ನೋಡುತ್ತದೆ, ಕಳಿಸಿದವರು ಯಾರೆಂದು ಕೇಳುವುದಿಲ್ಲ. ಅದಕ್ಕೆ ಯಜಮಾನನೂ ಒಂದೇ, ದಾರಿಹೋಕನೂ ಒಂದೇ.

ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಿಂದ ಹೊರಬಂದು ಭದ್ರಾವತಿಯ ಬಸ್ಸಿಗೆ ಕಾಯುವವರಿಗೆ ಚಹಾದಂಗಡಿಯೇ ನೆರಳು. ಅಂಥದೊಂದು ಅಂಗಡಿಯಲ್ಲಿ ಒಂದು ಸಂಜೆ ವಿದ್ಯಾರ್ಥಿಯೊಬ್ಬ ಮೂಲೆಯ ಬೆಂಚಿನಿಂದ ಮೊಬೈಲ್ ಒತ್ತಿ ಮತ್ತೆ ಮತ್ತೆ ಟಿ.ವಿ. ಆರಿಸುತ್ತಿದ್ದ. ಅಂಗಡಿಯವರು ವೈರು ಅಲ್ಲಾಡಿಸಿದರು, ಹಿಂಬದಿಗೆ ತಟ್ಟಿದರು, ಕರೆಂಟನ್ನು ಬೈದರು. ನ್ಯೂಸ್ ಚಾನೆಲ್ಲಿನ ಕಿರುಚಾಟ ನಿಂತದ್ದು ಕೂತಿದ್ದವರಿಗೆಲ್ಲ ಹಿತವಾಗಿಯೇ ಇತ್ತು. ಹಾಗಾದರೆ ತಪ್ಪೇನು?

2004ರಲ್ಲಿ ಅಮೆರಿಕದ ಮಿಚ್ ಆಲ್ಟ್‌ಮನ್ ಇದೇ ಕೆಲಸಕ್ಕೆಂದು 'ಟಿವಿ-ಬಿ-ಗಾನ್' ಎಂಬ ಪುಟ್ಟ ಸಾಧನವನ್ನು ಮಾರುಕಟ್ಟೆಗೆ ತಂದರು. ಇಂಥದ್ದರ ಪರವಾಗಿ ಹೀಗೆ ವಾದಿಸಬಹುದು: ಸಾರ್ವಜನಿಕ ಜಾಗದ ಟಿ.ವಿ. ನಮ್ಮ ಗಮನವನ್ನು ಕೇಳದೇ ಕಿತ್ತುಕೊಳ್ಳುತ್ತದೆ, ನಾವು ಕೇಳದೇ ವಾಪಸ್ ಪಡೆದರೇನು? ವಾದದಲ್ಲಿ ಹುರುಳಿದೆ. ಆದರೆ ಟಿ.ವಿ. ಹಾಕಿದವರು ಎದುರಿಗೇ ಇದ್ದಾರೆ. "ಅಣ್ಣಾ, ಸ್ವಲ್ಪ ಸೌಂಡ್ ಕಮ್ಮಿ ಮಾಡಿ" ಅನ್ನಬಹುದು. ಅವರು ಮಾಡಬಹುದು, ಬಿಡಬಹುದು, ಜಗಳಕ್ಕೂ ಬರಬಹುದು. ಬೆಂಚಿನ ಕೆಳಗಿನ ಹೆಬ್ಬೆರಳಿನ ಜೊತೆ ಯಾರೂ ಜಗಳವಾಡಲಾರರು. ಪ್ಲೇಟೋನ 'ರಿಪಬ್ಲಿಕ್'ನಲ್ಲಿ, ತೊಟ್ಟವನನ್ನು ಮರೆಮಾಡುವ ಉಂಗುರದ ಕತೆ ಬರುತ್ತದೆ. ಯಾರಿಗೂ ಕಾಣದವನು ನ್ಯಾಯವಾಗಿ ನಡೆಯುತ್ತಾನೆಯೇ ಎಂಬುದು ಅಲ್ಲಿನ ಪ್ರಶ್ನೆ. ಚಹಾದಂಗಡಿಯಲ್ಲೂ ಅದೇ. ಟಿ.ವಿ. ಆರಿದ್ದು ಸಣ್ಣ ವಿಷಯ. ಎದುರಿಗಿದ್ದ ಮನುಷ್ಯನಿಗೆ ಉತ್ತರ ಕೊಡುವ ಅವಕಾಶವೇ ಇಲ್ಲದೆ, ಅವರು ಯಂತ್ರವನ್ನು ಬೈಯಬೇಕಾಯಿತು.

ಇಲ್ಲಿಗೇ ನಿಲ್ಲಿಸಿದರೆ ನೀತಿ ಸುಲಭ. ಆದರೆ ನಮ್ಮ ಮನೆಗಳನ್ನು ನೋಡಿ. ಮನೆಯ ಹಿರಿಯರು ಕ್ರಿಕೆಟ್ಟಿನಿಂದ ನ್ಯೂಸಿಗೆ, ನ್ಯೂಸಿನಿಂದ ಕ್ರಿಕೆಟ್ಟಿಗೆ ಹೋಗುವಾಗ ಸೊಸೆಗೆ ಏನು ಬೇಕೆಂದು ಕೇಳಿದವರು ಯಾರು? ಅಡುಗೆಮನೆಯ ಬಾಗಿಲಲ್ಲಿ ನಿಂತು ಅರ್ಧ ಧಾರಾವಾಹಿ ನೋಡಿದ ಹೆಂಗಸರ ಲೆಕ್ಕ ಯಾರೂ ಇಟ್ಟಿಲ್ಲ. ಅಂಥ ಮನೆಯಲ್ಲಿ ಸೊಸೆಯೊಬ್ಬಳು ಮೊಬೈಲಿನಿಂದ ಸದ್ದಿಲ್ಲದೆ ಚಾನೆಲ್ ಬದಲಿಸಿದರೆ, ಅವಳಿಗೂ ಆ ಹುಡುಗನಿಗೂ ಒಂದೇ ನ್ಯಾಯವೇ? ಅಲ್ಲವೆಂದೇ ನನಗನ್ನಿಸುತ್ತದೆ. ಹುಡುಗನಿಗೆ ಕೇಳುವ ದಾರಿಯಿತ್ತು, ಅದನ್ನು ಅವನು ಬಳಸಲಿಲ್ಲ. ಅವಳಿಗೆ ಆ ದಾರಿಯೇ ಇಲ್ಲ. ಕೇಳಿದರೆ ಕಿವಿಗೊಡುವವರಿದ್ದಾಗ ಗುಟ್ಟಿನ ಕೈ ತಪ್ಪು. ಇಲ್ಲದಿದ್ದಾಗ ತಪ್ಪಿನ ಬಹುಪಾಲು ರಿಮೋಟ್ ಹಿಡಿದು ಕೂತವರದ್ದು.

ಆದರೂ ಅವಳಿಗೆ ದಕ್ಕಿದ್ದು ಅರ್ಧ ಗಂಟೆಯ ಧಾರಾವಾಹಿಯೇ ಹೊರತು ಮನೆಯಲ್ಲೊಂದು ಮಾತಲ್ಲ. ಹಿರಿಯರು ಟಿ.ವಿ. ಕೆಟ್ಟಿದೆಯೆಂದು ರಿಪೇರಿಯವರನ್ನು ಕರೆಯುತ್ತಾರೆ, ತಮ್ಮ ಬಗ್ಗೆ ಯೋಚಿಸುವುದಿಲ್ಲ.

ವೈಫೈ ಮೂಲಕ ಫೋನಿನ ಮಾತು ಕೇಳುವ ಹಲವು ಸ್ಮಾರ್ಟ್ ಟಿ.ವಿ.ಗಳಲ್ಲಿ, ಮೊದಲ ಸಲ ಜೋಡಿಸುವಾಗ ಪರದೆಯ ಮೇಲೆ ಒಂದು ಕೋಡ್ ಮೂಡುತ್ತದೆ. ಅದನ್ನು ಫೋನಿನಲ್ಲಿ ಒತ್ತಿದರೆ ಮಾತ್ರ ಒಪ್ಪಿಗೆ. ಹೊರಗಿನವರನ್ನು ಯಾರೆಂದು ಕೇಳುವುದನ್ನು ಯಂತ್ರ ಹೀಗೆ ಕಲಿತಿದೆ. ಒಳಗಿನವರಲ್ಲಿ ಈಗ ಯಾರ ಸರದಿ ಎಂದು ಮಾತ್ರ ಅದು ಕೇಳುವುದಿಲ್ಲ. ಐದು ಜನರ ಮನೆಯಲ್ಲಿ ಐದು ಫೋನುಗಳೂ ರಿಮೋಟುಗಳೇ, ಟಿ.ವಿ. ಒಂದೇ. ಏನು ನೋಡೋಣ ಎಂದು ಎಲ್ಲರನ್ನೂ ಕೇಳುವ ಕೆಲಸ ಇನ್ನೂ ನಮ್ಮದೇ.