ಇ-ಮೇಲ್ ಬಂದ ಸದ್ದು ಮತ್ತು ಮನಸ್ಸಿನ ಸ್ವಾತಂತ್ರ್ಯ

ಪತ್ರ ಬಂದಿದೆ ಎಂಬುದು ಒಂದು ಸಂಗತಿ. ಅದನ್ನು ಈ ಕ್ಷಣವೇ ಓದಬೇಕು ಎಂಬುದು ಬೇರೊಂದು. ಹಿಂದಿನವರು ಇವೆರಡನ್ನೂ ಬೇರ್ಪಡಿಸಿ ಯೋಚಿಸಬೇಕಾದ ಪ್ರಸಂಗವೇ ಇರಲಿಲ್ಲ. ಚಿಂತಾಮಣಿ ಸೀಮೆಯ ಕೆಂಚಾರ್ಲಹಳ್ಳಿಯಂತಹ ಊರುಗಳಲ್ಲಿ ಅಂಚೆಗೆ ಒಂದು ಹೊತ್ತು, ಡೇರಿಗೆ ಹಾಲು ಹಾಕುವುದಕ್ಕೆ ಬೆಳಗು ಸಂಜೆಗಳೆಂಬ ಎರಡು ಹೊತ್ತು. ನಡುವಿನ ವೇಳೆಯೆಲ್ಲ ಹೊಲಮನೆಗಳ ಕೆಲಸದ್ದು. ಅಂತಹ ಊರಿನಿಂದ ಬಂದು ನಗರದ ಕಚೇರಿಯಲ್ಲಿ ಗಣಕಯಂತ್ರದ ಮುಂದೆ ಕುಳಿತವನಿಗಾದರೋ ಈ ಕಟ್ಟಳೆಯಿಲ್ಲ. ಲೆಕ್ಕ ಬರೆಯುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಚೌಕವೊಂದು ಮೂಡಿ, ಸದ್ದಾಗಿ, ಮರೆಯಾಗುತ್ತದೆ. ಕೂಡುತ್ತಿದ್ದ ಅಂಕಿಯೂ ಅದರೊಡನೆ ಮರೆಯಾಗುತ್ತದೆ.

1980ರ ಸುಮಾರಿಗೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಗಣಕಗಳಲ್ಲಿ ‘ಬಿಫ್’ ಎಂಬ ಪುಟ್ಟ ಪ್ರೋಗ್ರಾಂ ಬಳಕೆಗೆ ಬಂದಿತು. ಅಲ್ಲಿ ಓಡಾಡಿಕೊಂಡಿದ್ದ ನಾಯಿಯೊಂದರ ಹೆಸರು ಅದು! ಪತ್ರ ಬಂದಾಗ ತಿಳಿಸುವುದೇ ಅದರ ಕೆಲಸ. ಆದರೆ ಬೇಕೆಂದವನು ಅದನ್ನು ತಾನೇ ಚಾಲೂ ಮಾಡಿಕೊಳ್ಳಬೇಕಾಗಿತ್ತು. ಇಂದು ಔಟ್‌ಲುಕ್‌ನಂತಹ ತಂತ್ರಾಂಶಗಳಲ್ಲಿ ಸದ್ದೂ ಚೌಕವೂ ಯಾರೂ ಕೇಳದೆಯೇ ಚಾಲೂ ಇರುತ್ತವೆ. ಬೇಡವಾದವನು ಆಯ್ಕೆಗಳ ಪುಟವನ್ನು ಹುಡುಕಿ ನಿಲ್ಲಿಸಬೇಕು. ಅನುಮತಿಯ ಭಾರ ಹೀಗೆ ತಿರುಗುಮುರುಗಾದದ್ದು ಸಣ್ಣ ವಿಷಯವಲ್ಲ.

ಇದರ ಪರಿಣಾಮವನ್ನು ಅಳೆದವರಿದ್ದಾರೆ. 2012ರಲ್ಲಿ ಪ್ರಕಟವಾದ, ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಇರ್ವೈನ್ ಕೇಂದ್ರದವರ ಅಧ್ಯಯನವೊಂದರಲ್ಲಿ 13 ಮಂದಿ ನೌಕರರು ಐದು ದಿನ ಇ-ಮೇಲ್ ಇಲ್ಲದೆ ಕೆಲಸ ಮಾಡಿದರು. ಒಂದೇ ಕೆಲಸದಲ್ಲಿ ಅವರು ನಿಲ್ಲುವ ಅವಧಿ ಹೆಚ್ಚಿತು. ಹೃದಯದ ಬಡಿತದಲ್ಲಿ ಕಾಣುವ ಒತ್ತಡದ ಲಕ್ಷಣಗಳು ತಗ್ಗಿದವು. ಆದರೆ ಇ-ಮೇಲನ್ನೇ ತೊರೆಯುವುದು ಗೃಹಸ್ಥನಿಗೂ ಟ್ರಸ್ಟಿನ ಕಚೇರಿಗೂ ಸಾಧ್ಯವಾಗುವ ಮಾತಲ್ಲ.

ಸದ್ದನ್ನು ನಿಲ್ಲಿಸುವುದು ಬರೆದವರಿಗೆ ತೋರುವ ಅನಾದರವಲ್ಲವೆ ಎಂಬ ಆಕ್ಷೇಪವುಂಟು. ಈ ಆಕ್ಷೇಪ ಎದುರಿಗೆ ಕುಳಿತವನನ್ನು ಮರೆಯುತ್ತದೆ. ಬಸದಿಯ ಕಚೇರಿಗೆ ದೂರದಿಂದ ಬಂದ ಹಿರಿಯರೊಬ್ಬರು ಮಾತನಾಡುತ್ತಿರುವಾಗ ಗುಮಾಸ್ತನ ಕಣ್ಣು ಪರದೆಯ ಮೂಲೆಗೆ ಸರಿದರೆ, ಅನಾದರಕ್ಕೆ ಒಳಗಾದವರು ಯಾರು? ಸಾಮಾಯಿಕಕ್ಕೆ ಕುಳಿತ ಶ್ರಾವಕನು ಎರಡು ಘಳಿಗೆ, ಎಂದರೆ 48 ನಿಮಿಷ, ಬಂದುಹೋಗುವವರ ಗೊಡವೆಗೆ ಹೋಗುವುದಿಲ್ಲ. ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ. ಲೆಕ್ಕದ ಪುಸ್ತಕಕ್ಕೆ ಅಷ್ಟು ಹೊತ್ತು ಸಲ್ಲಬಾರದೇಕೆ?

ಹೆಚ್ಚು ಕಠಿಣವಾದ ತೊಡಕು ಬೇರೆಯಿದೆ. ಸದ್ದನ್ನು ನಿಲ್ಲಿಸುವ ಧೈರ್ಯ ಮೇಲಿನವರಿಗೆ ಉಂಟು, ಕೆಳಗಿನವರಿಗೆ ಇಲ್ಲ. ಧರ್ಮದರ್ಶಿಯ ಪತ್ರಕ್ಕೆ ಹತ್ತು ನಿಮಿಷದಲ್ಲಿ ಉತ್ತರ ಹೋಗದಿದ್ದರೆ ಫೋನ್ ಬರುತ್ತದೆಂದು ತಿಳಿದ ಗುಮಾಸ್ತನಿಗೆ ಇಂದ್ರಿಯನಿಗ್ರಹದ ಉಪದೇಶ ಮಾಡಿ ಫಲವೇನು? ಆದುದರಿಂದ ಸಂಯಮ ಮೊದಲು ಕಳುಹಿಸುವವನಿಗೆ ಸೇರಿದ್ದು. ಹಾಗೆ ನೋಡಿದರೆ ಯಂತ್ರದಲ್ಲಿ ಅದಕ್ಕೂ ಅನುಕೂಲವಿದೆ: ರಾತ್ರಿ ಹತ್ತು ಗಂಟೆಗೆ ಹೊಳೆದದ್ದನ್ನು ಆಗಲೇ ಬರೆದಿಟ್ಟು, ಮರುದಿನ ಕಚೇರಿ ತೆರೆದ ಮೇಲೆ ತಲುಪುವಂತೆ ಗೊತ್ತುಪಡಿಸಬಹುದು. ಪತ್ರಗಳನ್ನು ಹನ್ನೊಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ ನೋಡಲಾಗುವುದು, ಸಾವುನೋವಿನಂತಹ ತುರ್ತಿಗೆ ದೂರವಾಣಿ ಮಾಡತಕ್ಕದ್ದು ಎಂದು ಟ್ರಸ್ಟಿನ ಆಡಳಿತವೇ ಬರೆದು ಹಚ್ಚಿದರೆ, ಗುಮಾಸ್ತನು ಯಾರ ಅಂಜಿಕೆಯೂ ಇಲ್ಲದೆ ಆ ಸದ್ದನ್ನು ನಿಲ್ಲಿಸಿಯಾನು.