ಬೆವರಿನ ಸಾಕ್ಷ್ಯ

ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯ ದೇಹವನ್ನು ಅಳೆಯುವ ಕುತೂಹಲ ಹೊಸದೇನಲ್ಲ. ಒಂಬತ್ತು ಮಂದಿ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ನಾಲ್ವರ ಮೂತ್ರದಲ್ಲಿ ಕಠಿಣ ಪರೀಕ್ಷೆಯ ಬಳಿಕ ಸಕ್ಕರೆ ಕಾಣಿಸಿಕೊಂಡಿತೆಂದೂ, ಸುಲಭ ಪರೀಕ್ಷೆಯ ಬಳಿಕ ಅದು ಒಬ್ಬನಲ್ಲಷ್ಟೇ ಕಂಡಿತೆಂದೂ ಹಾರ್ವರ್ಡಿನ ಶರೀರಕ್ರಿಯಾಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರ ಗ್ರಂಥದಲ್ಲಿ ದಾಖಲಿಸಿದ್ದಾನೆ. ಈಗ ಮೂತ್ರದ ಸೀಸೆಯ ಜಾಗಕ್ಕೆ ಮಣಿಕಟ್ಟಿನ ಪಟ್ಟಿ ಬಂದಿದೆ. ಹ್ಯೂಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಹತ್ತು ವಿದ್ಯಾರ್ಥಿಗಳಿಗೆ ಮೂರು ಪರೀಕ್ಷೆಗಳಲ್ಲಿ ಇಂಥ ಪಟ್ಟಿ ತೊಡಿಸಿ, ಹೃದಯಬಡಿತ, ಚರ್ಮದ ಉಷ್ಣತೆ ಮತ್ತು ಚರ್ಮದ ವಿದ್ಯುದ್ವಾಹಕತೆಗಳನ್ನು, ಎಂದರೆ ಬೆವರುಗ್ರಂಥಿಗಳು ಚುರುಕಾದಂತೆ ಚರ್ಮದ ಮೂಲಕ ವಿದ್ಯುತ್ತು ಹೆಚ್ಚು ಸರಾಗವಾಗಿ ಹರಿಯುವ ಪ್ರಮಾಣವನ್ನು, ಸಂಗ್ರಹಿಸಿ, ವಿದ್ಯಾರ್ಥಿಗಳು ಪಡೆದ ಅಂಕಗಳ ಜೊತೆಗೆ ಪ್ರಕಟಿಸಿದ್ದಾರೆ.

ಇಲ್ಲಿ ಅಳತೆಗೆ ಸಿಕ್ಕಿದ್ದು ಬೆವರು. ಭಯವು ಅದರಿಂದ ಅನುಮಾನಿಸಲ್ಪಟ್ಟದ್ದು. ನ್ಯಾಯದರ್ಶನದ ಪ್ರಕಾರ ಕಾಣುವ ಗುರುತಾದ ಹೇತುವಿನಿಂದ ಕಾಣದ ಸಾಧ್ಯವನ್ನು ನಿರ್ಣಯಿಸಬೇಕಾದರೆ ಅವೆರಡರ ನಡುವೆ ವ್ಯಾಪ್ತಿ, ಅಂದರೆ ಎಲ್ಲಿಯೂ ತಪ್ಪದ ಸಹಚಾರ, ಇರಬೇಕು. ಆ ಸಾಧ್ಯವು ಇಲ್ಲದ ಕಡೆಯಲ್ಲೂ ಕಾಣಿಸಿಕೊಳ್ಳುವ ಹೇತುವನ್ನು ಸವ್ಯಭಿಚಾರವೆಂದು ಕರೆದು ನೈಯಾಯಿಕರು ತಳ್ಳಿಹಾಕುತ್ತಾರೆ. ಬೆವರು ಅಂಥದೇ ಹೇತು. ಸ್ವೇದವನ್ನು ಎಂಟು ಸಾತ್ತ್ವಿಕ ಭಾವಗಳಲ್ಲಿ, ಅಂದರೆ ಚಿತ್ತದ ಏಕಾಗ್ರತೆಯಿಂದ ದೇಹದ ಮೇಲೆ ಮೂಡುವ ವಿಕಾರಗಳಲ್ಲಿ, ಸೇರಿಸಿದ ನಾಟ್ಯಶಾಸ್ತ್ರವು ಕ್ರೋಧ, ಭಯ, ಹರ್ಷ, ಲಜ್ಜೆಗಳನ್ನಷ್ಟೇ ಅಲ್ಲದೆ ಶ್ರಮ, ರೋಗ, ತಾಪಗಳನ್ನೂ ಅದರ ಕಾರಣಗಳಾಗಿ ಎಣಿಸುತ್ತದೆ. ನಟನು ಬೆವರಿದ ಮಾತ್ರಕ್ಕೆ ಅದು ಯಾವ ಭಾವವೆಂದು ಪ್ರೇಕ್ಷಕನಿಗೆ ತಿಳಿಯುವುದಿಲ್ಲ, ಸಂದರ್ಭ ತಿಳಿಸಬೇಕು. ನಡುಗುವುದರಿಂದಲೇ ಭಯವೆಂಬ ಅನುಭವ ಉಂಟಾಗುತ್ತದೆಂಬ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್‌ನ 1884ರ ವಾದವನ್ನು 1927ರಲ್ಲಿ ಖಂಡಿಸಿದವನೂ ಇದೇ ಕ್ಯಾನನ್: ಒಳ ಅಂಗಗಳ ಅದೇ ಬದಲಾವಣೆಗಳು ಕೋಪದಲ್ಲೂ ಭಯದಲ್ಲೂ ಮಾತ್ರವಲ್ಲ, ಜ್ವರದಲ್ಲೂ ಕಾಣುತ್ತವೆ.

ಇದಕ್ಕಿಂತ ಗಹನವಾದ ತೊಡಕೊಂದಿದೆ. ಪರೀಕ್ಷಾಸಮಯದ ಉದ್ರೇಕವು ಸಾಧನೆಗೆ ಒದಗಿಬರಬಲ್ಲುದೆಂದು ಮೊದಲೇ ತಿಳಿಸಲಾದ ವಿದ್ಯಾರ್ಥಿಗಳು ಗಣಿತದಲ್ಲಿ ಉಳಿದವರಿಗಿಂತ ಹೆಚ್ಚು ಅಂಕ ಪಡೆದುದನ್ನು ಮನಶ್ಶಾಸ್ತ್ರಜ್ಞ ಜೆರೆಮಿ ಜೇಮಿಸನ್ ಮತ್ತು ಸಂಗಡಿಗರು 2010ರಲ್ಲಿ ವರದಿ ಮಾಡಿದರು. ಆ ವಿದ್ಯಾರ್ಥಿಗಳ ಲಾಲಾರಸದಲ್ಲಿ ಉದ್ರೇಕದ ಗುರುತು ತಗ್ಗಿರಲಿಲ್ಲ, ಏರಿತ್ತು. ಹಾಗಾದರೆ ತನ್ನ ಬಡಿತವನ್ನು ವಿದ್ಯಾರ್ಥಿ ಏನೆಂದು ಗ್ರಹಿಸುತ್ತಾನೆ ಎಂಬುದು ಭಾವಕ್ಕೆ ಹೊರಗಿನ ಟಿಪ್ಪಣಿಯಲ್ಲ, ಭಾವದ ಒಂದು ಅಂಗವೇ. ಆ ಗ್ರಹಿಕೆಗೆ ಮುನ್ನವೇ ಯಂತ್ರವು ಆತಂಕವೆಂದು ಘೋಷಿಸಿದರೆ, ಅದು ಇದ್ದ ಭಾವವನ್ನು ವರದಿ ಮಾಡುತ್ತಿಲ್ಲ; ಇರಬಹುದಾದ ಭಾವಗಳಲ್ಲಿ ಒಂದನ್ನು ವಿದ್ಯಾರ್ಥಿಯ ಪರವಾಗಿ ಆರಿಸುತ್ತಿದೆ.

ಯುರೋಪಿಯನ್ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯಿದೆಯು ಶಾಲೆಗಳಲ್ಲಿ ಇಂಥ ಭಾವಾನುಮಾನವನ್ನು 2025ರ ಫೆಬ್ರವರಿಯಿಂದ ನಿಷೇಧಿಸಿದೆ. ಅದರ ಪೀಠಿಕೆ ಕೊಡುವ ಕಾರಣಗಳಲ್ಲಿ ಅಧಿಕಾರದ ಅಸಮತೆಯ ಜೊತೆಗೆ, ಒಂದು ಗುರುತು ಒಂದೇ ಭಾವಕ್ಕೆ ನಿಷ್ಠವಾಗಿಲ್ಲ ಎಂಬುದೂ ಇದೆ. ನೈಯಾಯಿಕರು ಇದನ್ನು ಕೂಡಲೇ ಒಪ್ಪುತ್ತಿದ್ದರು. ಆದರೆ ಚಿಕಿತ್ಸೆ ಮತ್ತು ಸುರಕ್ಷತೆಯ ಉದ್ದೇಶಗಳಿಗೆ ಕಾಯಿದೆ ವಿನಾಯಿತಿ ಕೊಡುತ್ತದೆ. ತರಗತಿಯಲ್ಲಿ ದುಷ್ಟವಾದ ಹೇತುವು ವೈದ್ಯನ ಕೋಣೆಯಲ್ಲಿ ಹೇಗೆ ನಿರ್ದುಷ್ಟವಾಗುತ್ತದೆ ಎಂಬುದನ್ನು ಅದು ವಿವರಿಸುವುದಿಲ್ಲ. ವೈದ್ಯನು ರೋಗಿಯನ್ನು ಕೇಳಿ ತಿಳಿಯಬಲ್ಲನೆಂಬುದೇ ಅದಕ್ಕೆ ಆಧಾರವಾದರೆ, ಕೇಳುವ ಅವಕಾಶ ಅಧ್ಯಾಪಕನಿಗೂ ಇದೆ.