ಕಥೆಗೆ ಒಡೆಯರು ಯಾರು?

ತಲೆಗಳು ಅದಲುಬದಲಾದ ಇಬ್ಬರಲ್ಲಿ ಆ ಹೆಣ್ಣಿನ ಗಂಡ ಯಾರು ಎಂಬ ಬೇತಾಳನ ಪ್ರಶ್ನೆ ನಮಗೆಲ್ಲ ಪರಿಚಿತವಾದದ್ದೇ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಅದನ್ನು ‘ಕಥಾಸರಿತ್ಸಾಗರ’ದಲ್ಲಿ ಹೇಳಿದ, ತನ್ನ ಗ್ರಂಥ ಗುಣಾಢ್ಯನ ‘ಬೃಹತ್ಕಥೆ’ಯ ಸಾರವೆಂದು ಅವನೇ ಒಪ್ಪಿಕೊಂಡಿದ್ದಾನೆ. 1940ರಲ್ಲಿ ಜರ್ಮನ್ ಲೇಖಕ ಥಾಮಸ್ ಮಾನ್ ಆ ಕಥೆಯನ್ನು ಕಿರುಕಾದಂಬರಿಯಾಗಿಸಿದ. ಅವನಿಂದಲೂ ಪ್ರೇರಣೆ ಪಡೆದು, ಯಕ್ಷಗಾನದ ತಂತ್ರಗಳನ್ನು ಬೆರೆಸಿ, ಗಿರೀಶ ಕಾರ್ನಾಡರು 1971ರಲ್ಲಿ ‘ಹಯವದನ’ವನ್ನು ರಚಿಸಿದರು.

ಇವರಲ್ಲಿ ಕಳ್ಳರಾರು? ತಲೆಯೇ ಪ್ರಧಾನವೆಂದು ಹಳೆಯ ಕಥೆ ತೀರ್ಪು ಕೊಟ್ಟಿತ್ತು. ಆ ತೀರ್ಪಿನ ಆಚೆಗೆ ಸಂಸಾರ ಹೇಗೆ ಸಾಗೀತೆಂದು ಮಾನ್ ನೋಡಿದ. ಪೂರ್ಣತೆಗೆ ಹಂಬಲಿಸುವ ಕುದುರೆಮೋರೆಯವನನ್ನು ಕಾರ್ನಾಡರು ಅದರ ಪಕ್ಕದಲ್ಲಿ ನಿಲ್ಲಿಸಿದರು. ಸಾಲ ತಂದವರೆಲ್ಲ ಬಡ್ಡಿಸಹಿತ ತೀರಿಸಿದ್ದಾರೆ.

ನಮ್ಮ ಕಾನೂನೂ ಇಷ್ಟರಮಟ್ಟಿಗೆ ಉದಾರವಾಗಿದೆ. ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕವನ್ನು 1956ರ ‘ನ್ಯೂ ಡೆಲ್ಲಿ’ ಚಿತ್ರ ನಕಲು ಮಾಡಿದೆಯೆಂದು ಆರ್. ಜಿ. ಆನಂದರು ದಾವೆ ಹೂಡಿದ್ದರು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಕಲ್ಪನೆಗಾಗಲಿ ಕಥಾವಸ್ತುವಿಗಾಗಲಿ ಕೃತಿಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ರೀತಿಗೆ ಮಾತ್ರ ಉಂಟು ಎಂದಿತು.

ಆದರೆ ಆ ನಿರೂಪಣೆಗೆ ಎಷ್ಟು ಕಾಲ ಬೀಗ ಹಾಕಿರಬೇಕು? ಹೊಸ ಔಷಧ ಕಂಡುಹಿಡಿದವರಿಗೆ ಪೇಟೆಂಟು 20 ವರ್ಷ. ಲೇಖಕನಿಗಾದರೋ ಜೀವಮಾನವಿಡೀ, ಅವನ ನಂತರ ಇನ್ನೂ 60 ವರ್ಷ. ಮೊದಲು 50 ಇತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ರ ಕೊನೆಗೆ ಮುಗಿಯಲಿದ್ದಾಗ ಅದನ್ನು ಹತ್ತು ವರ್ಷ ಬೆಳೆಸಲಾಯಿತು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಪದ್ಯಗಳು ಸರ್ವರ ಸೊತ್ತಾಗುವುದು 2041 ಕಳೆದ ಮೇಲೆ.

ಬರೆದವನ ಬೆವರಿಗೆ ಬೆಲೆ ಸಲ್ಲಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಅವನನ್ನೇ ನಂಬಿದ್ದ ಸಂಸಾರಕ್ಕೂ ಪಾಲು ಸಲ್ಲಲಿ. ಆದರೆ ಹಣ ಕೇಳುವ ಹಕ್ಕು ಬೇರೆ, ‘ಕೂಡದು’ ಎನ್ನುವ ಅಧಿಕಾರ ಬೇರೆ. ಮೊದಲನೆಯದು ದುಡಿಮೆಯ ಫಲ. ಎರಡನೆಯದು ವಾರಸುದಾರರ ಕೈಗೆ ಬಂದಾಗ, ಕವಿಯೇ ಸಂತೋಷದಿಂದ ಒಪ್ಪಬಹುದಾಗಿದ್ದ ಹೊಸ ಪ್ರಯೋಗವೂ ನಿಂತುಹೋದೀತು. ಬೀಗ ತೆಗೆದರೆ ಕೃತಿ ಕೆಡುತ್ತದೆಂಬ ಆಕ್ಷೇಪ ಸುಳ್ಳಲ್ಲ. ಆದರೆ ಕೆಟ್ಟ ಪ್ರಯೋಗವನ್ನು ಜನ ಮರೆಯುತ್ತಾರೆ. ಮೂಲಕೃತಿ ಪುಸ್ತಕದಲ್ಲಿ ಹಾಗೆಯೇ ಉಳಿದಿರುತ್ತದೆ. ಎಂದೂ ನಡೆಯದೆ ಹೋದ ಒಳ್ಳೆಯ ಪ್ರಯೋಗ ಮಾತ್ರ ಯಾರಿಗೂ ದಕ್ಕುವುದಿಲ್ಲ. ಆದಕಾರಣ ಲೇಖಕನ ಮರಣಾನಂತರ ಸಂಭಾವನೆಯ ಹಕ್ಕು ಕೆಲಕಾಲ ಉಳಿಯಲಿ, ತಡೆಯುವ ಅಧಿಕಾರ ಅವನೊಂದಿಗೇ ಮುಗಿಯಲಿ ಎಂಬುದು ನನ್ನ ಅಭಿಪ್ರಾಯ.

ಪ್ರವೇಶಧನವಿಲ್ಲದೆ ನಾಟಕವಾಡುವ ಹವ್ಯಾಸಿ ಸಂಘಗಳಿಗೆ 1957ರ ಕಾಯಿದೆಯಲ್ಲಿಯೇ ವಿನಾಯಿತಿಯಿದೆ. ಹೊರನಾಡಿನಲ್ಲಿ ಕನ್ನಡ ರಂಗಭೂಮಿಯನ್ನು ಉಳಿಸಿಕೊಳ್ಳುವ ನಮ್ಮಂಥವರಿಗೆ ಇದು ಸಣ್ಣ ಉಪಕಾರವಲ್ಲ. ಕಾನೂನು ಕೇಳದ ಕಡೆಯಲ್ಲಿಯೂ ಋಣವಂತೂ ಇದ್ದೇ ಇರುತ್ತದೆ. ಕರಪತ್ರದಲ್ಲಿ ಕಾರ್ಯದರ್ಶಿಯ ಹೆಸರಿಗಿಂತ ಮೊದಲು ನಾಟಕಕಾರನ ಹೆಸರನ್ನು ಅಚ್ಚು ಮಾಡಿಸಿದರೆ ಆ ಋಣವನ್ನು ನೆನೆದಂತಾಗುತ್ತದೆ.